ಕಾಡಿಗೆ ಕ್ಯಾಮೆರಾ ಬಂತು, ಕಾಯುವವರು ಯಾರು?

ವನ್ಯಜೀವಿ ಸಂರಕ್ಷಣೆಗೆ ತಂತ್ರಜ್ಞಾನ ಬಳಸುವ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಬಂದ ಮೂರು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಗೊಂದಲವಾಗುವುದು ಸಹಜ. 2024ರ ಫೆಬ್ರುವರಿಯಲ್ಲಿ ಕೊಯಮತ್ತೂರು ಬಳಿಯ ಮದುಕ್ಕರೈ ಅರಣ್ಯ ವಲಯದಲ್ಲಿ, ರೈಲು ಹಳಿಯತ್ತ ಬರುವ ಆನೆಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಗುರುತಿಸುವ ಕ್ಯಾಮೆರಾ ಗೋಪುರಗಳು ಕೆಲಸ ಆರಂಭಿಸಿದವು. ಆನೆಗಳು ರೈಲಿಗೆ ಸಿಕ್ಕಿ ಸಾಯುತ್ತಿದ್ದ ಆ ಮಾರ್ಗದಲ್ಲಿ ಇದು ದೊಡ್ಡ ಯಶಸ್ಸು ಎಂಬ ವರದಿಗಳು ಬಂದವು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು, ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ ಪ್ರಾಣಿಗಳಿಗೆಂದು ತಂದ ಕ್ಯಾಮೆರಾ ಮತ್ತು ಡ್ರೋನ್‌ಗಳು ಸೌದೆ, ಹುಲ್ಲಿಗೆ ಹೋಗುವ ಹೆಣ್ಣುಮಕ್ಕಳ ಮೇಲೆ ಕಣ್ಣಿಡುವ ಸಾಧನಗಳಾಗಿಬಿಟ್ಟಿವೆ ಎಂದಿತು. 2025ರ ಜೂನ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯು, ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ ಇರುವ ಪ್ರದೇಶದ 11 ರಕ್ಷಿತಾರಣ್ಯಗಳಲ್ಲಿ ಕೋಟ್ಯಂತರ ಡಾಲರ್ ಸುರಿದು ನಡೆಸಿದ ಬೇಟೆಗಾರರ ಪತ್ತೆ ಕಾರ್ಯದಿಂದ ಘೇಂಡಾಮೃಗಗಳ ಕಳ್ಳಬೇಟೆ ತಗ್ಗಿದ್ದಕ್ಕೆ ಸಂಖ್ಯಾಶಾಸ್ತ್ರೀಯ ಪುರಾವೆ ಸಿಗಲಿಲ್ಲ ಎಂದು ಹೇಳಿತು.

ಹಾಗಾದರೆ ತಂತ್ರಜ್ಞಾನದಿಂದ ಪ್ರಯೋಜನ ಇದೆಯೋ, ಇಲ್ಲವೋ? ಗೊಂದಲಕ್ಕೆ ಅರ್ಧ ಕಾರಣ ಈ ಪ್ರಶ್ನೆಯೇ. ಯಂತ್ರಕ್ಕೆ ಕಂಡದ್ದು ಯಾರಿಗೆ ತಲುಪುತ್ತದೆ, ತಲುಪಿದ ಮೇಲೆ ಅವರು ಏನು ಮಾಡಬಲ್ಲರು, ಹಾಗೆ ಮಾಡಲು ಅವರಿಗೆ ಕಾರಣವಿದೆಯೇ ಎಂಬುದನ್ನು ನೋಡದೆ ಉಪಕರಣವನ್ನಷ್ಟೇ ತೂಗಿದರೆ, ಒಂದು ಕಡೆ ಗೆದ್ದದ್ದು ಇನ್ನೊಂದು ಕಡೆ ಏಕೆ ಸೋತಿತು ಎಂಬುದು ಎಂದಿಗೂ ಅರ್ಥವಾಗುವುದಿಲ್ಲ.

ಹುಲಿಯ ಪಟ್ಟೆಯಿಂದ ಮೂರೂವರೆ ಕೋಟಿ ಚಿತ್ರಗಳವರೆಗೆ

ಪ್ರಾಣಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡುವ ಉಪಾಯ ಹಳೆಯದು. ಕಾಲಿಗೆ ತಂತಿ ತಗುಲಿದೊಡನೆ ಚಿತ್ರ ತೆಗೆಯುವ ಕ್ಯಾಮೆರಾಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಇದ್ದವು. ಅದು ವಿಜ್ಞಾನದ ಸಾಧನವಾದದ್ದು ಮಾತ್ರ ತಡವಾಗಿ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ನಡೆಸಿದ ಕೆಲಸ ಇದರಲ್ಲಿ ಮುಖ್ಯವಾದದ್ದು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ, ಯಾವ ಹುಲಿ ಎಷ್ಟು ಬಾರಿ ಮತ್ತೆ ಮತ್ತೆ ಕ್ಯಾಮೆರಾಕ್ಕೆ ಬಿತ್ತು ಎಂಬ ಲೆಕ್ಕದಿಂದ, ಕ್ಯಾಮೆರಾಕ್ಕೆ ಬೀಳದೆ ಉಳಿದಿರಬಹುದಾದ ಹುಲಿಗಳನ್ನೂ ಸೇರಿಸಿ ಒಟ್ಟು ಸಂಖ್ಯೆಯನ್ನು ಅಂದಾಜಿಸಲು ಸಾಧ್ಯವಾಯಿತು. ಹೆಜ್ಜೆಗುರುತು ನೋಡಿ ಎಣಿಸುವ ಹಿಂದಿನ ಕ್ರಮ ಎಷ್ಟು ಮೋಸ ಮಾಡಬಲ್ಲದು ಎಂಬುದು ರಾಜಸ್ಥಾನದ ಸರಿಸ್ಕಾದಲ್ಲಿ ಬಯಲಾಯಿತು: 2005ರ ಹೊತ್ತಿಗೆ ಅಲ್ಲಿ ಹುಲಿಗಳು ಉಳಿದದ್ದು ಕಾಗದದ ಮೇಲೆ ಮಾತ್ರ.

2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾ ಇಡಲಾಯಿತು. ಬಂದ ಚಿತ್ರಗಳು 3.48 ಕೋಟಿ. ಅವುಗಳಲ್ಲಿ ಹುಲಿಯದ್ದು 76,651, ಚಿರತೆಯದ್ದು 51,777. ಉಳಿದವುಗಳಲ್ಲಿ ಜಿಂಕೆ, ದನ, ಮನುಷ್ಯರು, ಗಾಳಿಗೆ ಅಲುಗಾಡಿದ ಹುಲ್ಲು ಎಲ್ಲವೂ ಸೇರಿವೆ. ದೇಹದ ಬಿಸಿ ಮತ್ತು ಚಲನೆಯನ್ನು ಗ್ರಹಿಸಿ ಕ್ಲಿಕ್ಕಿಸುವ ಉಪಕರಣಕ್ಕೆ ಬಿಸಿಲಿಗೆ ಕಾದ ಎಲೆ ಯಾವುದು, ಪ್ರಾಣಿ ಯಾವುದು ಎಂಬ ಭೇದ ತಿಳಿಯದು. ಇಷ್ಟು ಚಿತ್ರಗಳನ್ನು ಮನುಷ್ಯರೇ ಕೂತು ವಿಂಗಡಿಸುವುದು ಆಗದ ಮಾತಾದ್ದರಿಂದ ಕೃತಕ ಬುದ್ಧಿಮತ್ತೆ ಇಲ್ಲಿ ಮೊದಲು ಬಂದದ್ದು ಗುಮಾಸ್ತನಾಗಿ. ತಾಂಜಾನಿಯಾದ ಸೆರೆಂಗೆಟಿಯ 32 ಲಕ್ಷ ಚಿತ್ರಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣಕವು ಶೇ 99.3ರಷ್ಟು ಚಿತ್ರಗಳನ್ನು ಸ್ವಯಂಸೇವಕರಷ್ಟೇ ನಿಖರವಾಗಿ ಗುರುತಿಸಿತು. ಅದೇ ವರ್ಷ ಬಂದ ಇನ್ನೊಂದು ಸಂಶೋಧನೆ ಉತ್ಸಾಹಕ್ಕೆ ತಣ್ಣೀರು ಎರಚಿತು. ಒಂದು ಜಾಗದ ಚಿತ್ರಗಳಿಂದ ಕಲಿತ ಗಣಕವನ್ನು ಹೊಸ ಜಾಗಕ್ಕೆ ಒಯ್ದರೆ ಅದರ ತಪ್ಪುಗಳು ಗಣನೀಯವಾಗಿ ಹೆಚ್ಚುತ್ತವೆ, ಏಕೆಂದರೆ ಅದು ಪ್ರಾಣಿಯ ಜೊತೆಗೆ ಹಿನ್ನೆಲೆಯ ಮರ, ಬಂಡೆಗಳನ್ನೂ ಕಲಿತಿರುತ್ತದೆ. ಆಯಾ ಕಾಡನ್ನು ಬಲ್ಲವರು ತಿದ್ದುತ್ತಾ ಹೋಗದೆ ಈ ವ್ಯವಸ್ಥೆ ಸುಧಾರಿಸುವುದಿಲ್ಲ.

ಎಣಿಕೆ ಬೇರೆ, ಕಾವಲು ಬೇರೆ

ಸುದ್ದಿಗಳಲ್ಲಿ ಸದಾ ಕಲಸಿಹೋಗುವ ಎರಡು ಕೆಲಸಗಳಿವೆ. ಕಾಡಿನಲ್ಲಿ ಏನಿದೆ, ಎಷ್ಟಿದೆ, ಹೆಚ್ಚುತ್ತಿದೆಯೇ ಎಂದು ತಿಳಿಯುವುದು ಒಂದು. ಅಲ್ಲಿರುವುದನ್ನು ಈ ಹೊತ್ತಿನ ಅಪಾಯದಿಂದ ಉಳಿಸುವುದು ಇನ್ನೊಂದು. ಎಣಿಕೆಗೆ ತಿಂಗಳುಗಳ ವಿಳಂಬ ಒಂದು ದೋಷವೇ ಅಲ್ಲ. ಕಾಂಗೊ ದೇಶದ ನುವಾಬಾಲೆ-ನ್ಡೋಕಿ ಕಾಡಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಮರಗಳ ಮೇಲೆ ಇರಿಸಿದ ಧ್ವನಿಮುದ್ರಕಗಳು ಕಾಡಾನೆಗಳ ಗುಡುಗುಡು ದನಿಯನ್ನೂ ಬಂದೂಕಿನ ಸದ್ದನ್ನೂ ದಾಖಲಿಸುತ್ತವೆ. ದಟ್ಟ ಕಾಡಿನಲ್ಲಿ ಕಣ್ಣಿಗೆ ಬೀಳದ ಆನೆಗಳು ಯಾವ ಋತುವಿನಲ್ಲಿ ಎಲ್ಲಿರುತ್ತವೆ, ಬೇಟೆಗಾರರು ಯಾವ ಹೊತ್ತಿನಲ್ಲಿ ಓಡಾಡುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ, ಮುಂದಿನ ಗಸ್ತನ್ನು ಯೋಜಿಸಲು ನೆರವಾಗುತ್ತದೆ. ಆದರೆ ತಿಂಗಳುಗಳ ನಂತರ ಮರದಿಂದ ಇಳಿಸಿ ಕೇಳಿದ ಗುಂಡಿನ ಸದ್ದು ಆವತ್ತು ಗುಂಡು ತಿಂದ ಆನೆಯನ್ನು ಉಳಿಸದು. ಎಣಿಕೆಗೆಂದು ರೂಪಿಸಿದ ಸಾಧನವನ್ನು ಕಾವಲಿನ ಸಾಧನವೆಂದು ಬಣ್ಣಿಸುವುದು, ಆಮೇಲೆ ಕಾವಲಾಗಲಿಲ್ಲವೆಂದು ಅದನ್ನೇ ದೂರುವುದು ಎರಡೂ ತಪ್ಪು.

ಕ್ರೂಗರ್ ಅಧ್ಯಯನದಲ್ಲಿ ಇದಕ್ಕೂ ಆಳವಾದ ಪಾಠವಿದೆ. 2017ರಿಂದ 2023ರವರೆಗಿನ ಏಳು ವರ್ಷಗಳಲ್ಲಿ ಅಲ್ಲಿ 1,985 ಘೇಂಡಾಮೃಗಗಳು ಕಳ್ಳಬೇಟೆಗೆ ಬಲಿಯಾದವು. ರಕ್ಷಣೆಗೆ ಖರ್ಚಾದ 7.4 ಕೋಟಿ ಡಾಲರ್‌ನಲ್ಲಿ ಹೆಚ್ಚಿನದು ಸಿಬ್ಬಂದಿ, ಜಾಡು ಹಿಡಿಯುವ ನಾಯಿಗಳು ಮತ್ತು ಪತ್ತೆ ಕ್ಯಾಮೆರಾಗಳಿಗೆ ಹೋಯಿತು. ಪತ್ತೆ ಕಾರ್ಯ ವಿಫಲವಾಯಿತು ಎನ್ನುವಂತಿಲ್ಲ, ಏಕೆಂದರೆ 700ಕ್ಕೂ ಹೆಚ್ಚು ಬೇಟೆಗಾರರ ಬಂಧನವಾಯಿತು. ಹಾಗಿದ್ದೂ ಬೇಟೆ ಏಕೆ ತಗ್ಗಲಿಲ್ಲ? ಕೊಂಬಿನ ಬೇಡಿಕೆ, ಬೇರೂರಿದ ಅಪರಾಧ ಜಾಲ, ಕಾಡಂಚಿನ ಬಡತನ, ಮತ್ತು ಬೇಲಿಯೇ ಎದ್ದು ಹೊಲ ಮೇಯುವಂತಹ ಭ್ರಷ್ಟಾಚಾರ ಇವು ಸಂಶೋಧಕರು ಮುಂದಿಡುವ ಕಾರಣಗಳು. ಸಿಕ್ಕಿಬೀಳುವ ಭಯಕ್ಕಿಂತ ಹಣದ ಆಸೆ ದೊಡ್ಡದಾಗಿರುವ ಕಡೆ ಒಬ್ಬ ಜೈಲಿಗೆ ಹೋದರೆ ಇನ್ನೊಬ್ಬ ಆ ಜಾಗಕ್ಕೆ ಬರುತ್ತಾನೆ. ಗಸ್ತು ಎಲ್ಲಿದೆ ಎಂದು ಒಳಗಿನವರೇ ತಿಳಿಸಿದರೆ ಅತ್ಯುತ್ತಮ ಕ್ಯಾಮೆರಾದ ಕಣ್ಣನ್ನೂ ತಪ್ಪಿಸಿ ದಾಟಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಎಂಟು ರಕ್ಷಿತಾರಣ್ಯಗಳಲ್ಲಿ 2,284 ಘೇಂಡಾಮೃಗಗಳ ಕೊಂಬನ್ನೇ ಕತ್ತರಿಸಿದ ಕ್ರಮವು ಒಟ್ಟು ಹಣದ ಶೇ 1.2ರಷ್ಟು ಖರ್ಚಿನಲ್ಲಿ ಬೇಟೆಯನ್ನು ಸುಮಾರು ಶೇ 78ರಷ್ಟು ಇಳಿಸಿತು. ಕೊಂಬು ಕತ್ತರಿಸುವುದು ಎಲ್ಲ ಪ್ರಾಣಿಗಳಿಗೆ ಒಪ್ಪುವ ಪರಿಹಾರವಲ್ಲ, ಹುಲಿಯ ಚರ್ಮಕ್ಕೆ ಹಾಗೆ ಮಾಡಲಾಗದು, ಮತ್ತು ಉಳಿದ ಮೋಟು ಕೊಂಬಿಗಾಗಿಯೂ ಬೇಟೆ ಸ್ವಲ್ಪ ಮಟ್ಟಿಗೆ ಮುಂದುವರಿಯಿತು. ಆದರೆ ಅಪರಾಧದ ಲಾಭವನ್ನು ಮುಟ್ಟದೆ ಕಣ್ಗಾವಲನ್ನಷ್ಟೇ ಹೆಚ್ಚಿಸುವ ನೀತಿಗೆ ಒಂದು ಮಿತಿಯಿದೆ ಎಂಬುದು ಇದರಿಂದ ಸ್ಪಷ್ಟ.

ಪ್ರಾಣಿಗಳನ್ನು ಹಿಡಿಯಲು ಬೇಟೆಗಾರರು ಒಡ್ಡುವ ತಂತಿಯ ಉರುಳಿನ ವಿಷಯದಲ್ಲಿ ಮಿತಿ ಇನ್ನೂ ಸರಳ. ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂಗಳ ರಕ್ಷಿತ ಪ್ರದೇಶಗಳಲ್ಲಿ ಸುಮಾರು 1.23 ಕೋಟಿ ಉರುಳುಗಳಿರಬಹುದೆಂದು ವಿಶ್ವ ವನ್ಯಜೀವಿ ನಿಧಿ 2020ರಲ್ಲಿ ಅಂದಾಜಿಸಿತು. ಪೊದೆಯೊಳಗಿನ ಒಂದು ತುಂಡು ತಂತಿ ಉಪಗ್ರಹಕ್ಕೂ ಡ್ರೋನ್‌ಗೂ ಕಾಣುವುದಿಲ್ಲ. ಹಳೆಯ ಗಸ್ತುಗಳ ದಾಖಲೆಯಿಂದ ಎಲ್ಲಿ ಉರುಳು ಹೆಚ್ಚಿರಬಹುದೆಂದು ಊಹಿಸುವ ತಂತ್ರಾಂಶಗಳು ಬಂದಿವೆಯಾದರೂ ಅಲ್ಲಿಗೆ ನಡೆದು ಹೋಗಿ, ಬಗ್ಗಿ ನೋಡಿ, ಬಿಚ್ಚಬೇಕಾದದ್ದು ಮನುಷ್ಯರ ಕೈಗಳೇ.

ಎಚ್ಚರಿಕೆ ಬಂದ ಮೇಲಿನ ನಿಮಿಷಗಳು

ಮದುಕ್ಕರೈಯಲ್ಲಿ ವ್ಯವಸ್ಥೆ ಫಲ ಕೊಡಲು ಕಾರಣ ಅಲ್ಲಿನ ಕ್ಯಾಮೆರಾ ಬೇರೆಡೆಯದಕ್ಕಿಂತ ಜಾಣ ಎಂಬುದಲ್ಲ. ಅಲ್ಲಿ ಪ್ರಶ್ನೆ ಚಿಕ್ಕದು, ಉತ್ತರವೂ ಸಿದ್ಧವಾಗಿದೆ. ಕೆಲವೇ ಕಿಲೊಮೀಟರ್ ಉದ್ದದ ಹಳಿಯ ಪಕ್ಕ 12 ಗೋಪುರಗಳಿವೆ. ರಾತ್ರಿಯಲ್ಲೂ ಬಿಸಿಯನ್ನು ಗ್ರಹಿಸುವ ಕ್ಯಾಮೆರಾಗಳಿಗೆ ಆನೆ ಕಂಡೊಡನೆ ನಿಯಂತ್ರಣ ಕೊಠಡಿಗೆ ಸಂದೇಶ ಹೋಗುತ್ತದೆ, ಅಲ್ಲಿಂದ ರೈಲ್ವೆಗೂ ಸ್ಥಳದ ಸಿಬ್ಬಂದಿಗೂ ತಿಳಿಯುತ್ತದೆ, ಲೋಕೊ ಪೈಲಟ್ ವೇಗ ಇಳಿಸುತ್ತಾನೆ, ಸಿಬ್ಬಂದಿ ಆನೆಯನ್ನು ಹಳಿಯಿಂದ ದೂರ ಸರಿಸುತ್ತಾರೆ. ಸರಪಣಿಯ ಪ್ರತಿ ಕೊಂಡಿಯಲ್ಲಿ ಒಬ್ಬ ಹೊಣೆಗಾರ ಇದ್ದಾನೆ. ರೈಲನ್ನು ನಿಧಾನಗೊಳಿಸುವುದರಿಂದ ಯಾರ ಜೀವನೋಪಾಯಕ್ಕೂ ಪೆಟ್ಟಿಲ್ಲ, ಅದನ್ನು ವಿರೋಧಿಸುವ ಜಾಲವೂ ಇಲ್ಲ.

ಹೆಚ್ಚು ಸೂಕ್ಷ್ಮವಾದ ಉದಾಹರಣೆ ಆನೈಮಲೈ ಬೆಟ್ಟಗಳ ವಾಲ್ಪಾರೈ. ಚಹಾ ತೋಟಗಳ ನಡುವೆ ಆನೆಗಳು ಓಡಾಡುವ ಆ ಪ್ರಸ್ಥಭೂಮಿಯಲ್ಲಿ ಸಾವುಗಳು ಹೆಚ್ಚಾಗಿ ಸಂಭವಿಸುತ್ತಿದ್ದದ್ದು, ಆನೆ ಹತ್ತಿರವಿದೆಯೆಂದು ತಿಳಿಯದೆ ಜನ ಅದರೆದುರು ಹೋಗಿ ನಿಂತಾಗ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಶೋಧಕರು ಅರಣ್ಯ ಇಲಾಖೆ ಮತ್ತು ತೋಟಗಳ ಜೊತೆ ಸೇರಿ ಮೊಬೈಲ್ ಸಂದೇಶ, ಸ್ಥಳೀಯ ಕೇಬಲ್ ಟಿವಿಯ ಅಡಿಬರಹ, ಎತ್ತರದ ಕಂಬದ ಮೇಲಿನ ಕೆಂಪು ದೀಪ ಇವುಗಳ ಮೂಲಕ ಆನೆಯ ಇರವನ್ನು ಮೊದಲೇ ತಿಳಿಸುವ ಕ್ರಮ ತಂದರು. ದೀಪವನ್ನು ಮೊಬೈಲ್ ಕರೆಯಿಂದಲೇ ಉರಿಸಬಹುದು. ನೋಂದಾಯಿತ ಸಂಖ್ಯೆಗಳು ಇರುವುದು ಆಯಾ ಬಡಾವಣೆಯ ನಿವಾಸಿಗಳ ಬಳಿ. ತಂತ್ರಜ್ಞಾನ ಇಲ್ಲಿ ಬಹಳ ಸಾಧಾರಣವಾದದ್ದು. ಆದರೆ ಆನೆ ಹೋದ ಮೇಲೂ ದೀಪ ಉರಿಯುತ್ತಲೇ ಇದ್ದರೆ ನಾಲ್ಕು ದಿನದಲ್ಲಿ ಯಾರೂ ಅದನ್ನು ಲೆಕ್ಕಿಸುವುದಿಲ್ಲ. ಅದನ್ನು ಆರಿಸುವುದು ತನ್ನ ಕೆಲಸ ಎಂದುಕೊಂಡವರು ಅಲ್ಲೇ ವಾಸಿಸುತ್ತಿರಬೇಕು.

ತರಬೇತಿ ಯಾರಿಗೆ, ಯಾರಿಂದ

ಸಮುದಾಯ ತರಬೇತಿ ಎಂದೊಡನೆ ಎರಡು ದಿನದ ಶಿಬಿರ, ಆ್ಯಪ್ ತೋರಿಸುವುದು, ಪ್ರಮಾಣಪತ್ರ ಹಂಚುವುದು ಎಂಬ ಚಿತ್ರ ಕಣ್ಣ ಮುಂದೆ ಬರುತ್ತದೆ. ಹಲವು ಯೋಜನೆಗಳು ಅಲ್ಲಿಗೇ ನಿಲ್ಲುತ್ತವೆ ಕೂಡ. ದೀರ್ಘಕಾಲ ಬಾಳಿದ ಪ್ರಯೋಗಗಳಲ್ಲಿ ಕಲಿಕೆ ಎರಡೂ ದಿಕ್ಕಿಗೆ ಹರಿದಿದೆ.

1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಲೂಯಿಸ್ ಲೀಬೆನ್‌ಬರ್ಗ್ ರೂಪಿಸಿದ ಸೈಬರ್‌ಟ್ರ್ಯಾಕರ್ ಎಂಬ ಕೈಗಣಕದ ತಂತ್ರಾಂಶ ಇದಕ್ಕೆ ಒಳ್ಳೆಯ ನಿದರ್ಶನ. ಕಾರೂ ರಾಷ್ಟ್ರೀಯ ಉದ್ಯಾನದಲ್ಲಿ ಜಾಡು ಹಿಡಿಯುವುದರಲ್ಲಿ ಅಸಾಮಾನ್ಯ ಪರಿಣತಿಯಿದ್ದ ಸಿಬ್ಬಂದಿಗೆ ಓದು ಬರಹ ಬರುತ್ತಿರಲಿಲ್ಲ. ಅವರಿಗೆ ಅಕ್ಷರ ಕಲಿಸಲು ಹೊರಡುವ ಬದಲು, ಪ್ರಾಣಿ, ಗಿಡ, ವರ್ತನೆಗಳ ಚಿತ್ರಗಳನ್ನು ಮುಟ್ಟಿದರೆ ಸ್ಥಳ ಮತ್ತು ಸಮಯದೊಡನೆ ದಾಖಲಾಗುವಂತೆ ಯಂತ್ರವನ್ನೇ ಅವರಿಗೆ ತಕ್ಕಂತೆ ಮಾಡಲಾಯಿತು. ಕಪ್ಪು ಘೇಂಡಾಮೃಗಗಳು ಬರಗಾಲದಲ್ಲಿ ಆಹಾರ ಬದಲಿಸುವುದನ್ನು ಈ ದಾಖಲೆಗಳು ತೋರಿಸಿದವು, ಮತ್ತು 1999ರಲ್ಲಿ ಪ್ರಕಟವಾದ ಸಂಶೋಧನಾ ಲೇಖನದಲ್ಲಿ ಆ ಜಾಡುಗಾರರ ಹೆಸರೂ ಲೇಖಕರ ಸಾಲಿನಲ್ಲಿ ಸೇರಿತು. ಹೆಜ್ಜೆ ಎಷ್ಟು ಹೊತ್ತಿನ ಹಿಂದಿನದು, ಪ್ರಾಣಿ ಮೇಯುತ್ತಿತ್ತೋ ಓಡುತ್ತಿತ್ತೋ ಎಂಬುದನ್ನು ನೆಲ ನೋಡಿ ಹೇಳುವ ಈ ವಿದ್ಯೆಗೆ ಬದಲಿಯಾಗಬಲ್ಲ ಸಂವೇದಕ ಇನ್ನೂ ಬಂದಿಲ್ಲ.

ನಮೀಬಿಯಾದ ಅನುಭವ ಇನ್ನೂ ಒಂದು ಹೆಜ್ಜೆ ಮುಂದಿದೆ, ವಿಚಿತ್ರವೆಂದರೆ ಅದರಲ್ಲಿ ಯಂತ್ರವೇ ಇರಲಿಲ್ಲ. 1996ರ ಕಾನೂನು ತಿದ್ದುಪಡಿ ಅಲ್ಲಿನ ಸಾಮುದಾಯಿಕ ಭೂಮಿಯ ಜನರಿಗೆ, ಸಂಘಟಿತರಾದರೆ ವನ್ಯಜೀವಿಗಳನ್ನು ನಿರ್ವಹಿಸುವ ಮತ್ತು ಅದರಿಂದ ಬರುವ ಆದಾಯ ಪಡೆಯುವ ಹಕ್ಕು ನೀಡಿತು. ಸಮುದಾಯವೇ ನೇಮಿಸಿದ ಕಾವಲುಗಾರರು ‘ಘಟನಾ ಪುಸ್ತಕ’ದಲ್ಲಿ ಕಳ್ಳಬೇಟೆ, ಬೆಳೆಹಾನಿ, ಪ್ರಾಣಿಗಳ ಸಾವು ಮುಂತಾದವನ್ನು ಹಳದಿ ಹಾಳೆಗಳಲ್ಲಿ ಗುರುತಿಸುತ್ತಾರೆ, ತಿಂಗಳ ಕೊನೆಗೆ ಅವು ನೀಲಿ ಪಟ್ಟಿಗೆ, ವರ್ಷದ ಕೊನೆಗೆ ಕೆಂಪು ಪಟ್ಟಿಗೆ ಏರುತ್ತವೆ. ಯಾವುದನ್ನು ಗಮನಿಸಬೇಕೆಂದು ನಿರ್ಧರಿಸುವವರು ಅವರು, ಲೆಕ್ಕ ಹಾಕುವವರು ಅವರು. ಮೂಲ ದಾಖಲೆ ಊರಿನಲ್ಲೇ ಉಳಿಯುತ್ತದೆ, ಸರ್ಕಾರ ಪಡೆಯುವುದು ಪ್ರತಿಯನ್ನು. ಈ ಚಿಕ್ಕ ನಿಯಮದ ಪರಿಣಾಮ ದೊಡ್ಡದು. ತಾನು ಬರೆದದ್ದು ತನ್ನ ಊರಿನ ಸಭೆಯಲ್ಲಿ ಚರ್ಚೆಗೆ ಬರುತ್ತದೆ ಎಂದಾದರೆ ಕಾವಲುಗಾರ ಅದನ್ನು ಸರಿಯಾಗಿ ಬರೆಯುತ್ತಾನೆ. ಎಲ್ಲೋ ದೂರದ ಸರ್ವರ್ ಸೇರುವ ಮಾಹಿತಿಯನ್ನು ತುಂಬಿಸುವುದು ಅವನಿಗೆ ಒಂದು ಹೊರೆಯಷ್ಟೇ.

ಪೆರುವಿನ ಲೆಕ್ಕ ಏನು ಹೇಳುತ್ತದೆ

ಇಂತಹ ಕಥನಗಳನ್ನು ಅಳತೆಗೆ ಒಡ್ಡಿದ ಪ್ರಯೋಗಗಳು ಕಡಿಮೆ. 2021ರಲ್ಲಿ ಪ್ರಕಟವಾದ ಪೆರುವಿನ ಅಮೆಜಾನ್ ಅಧ್ಯಯನ ಅವುಗಳಲ್ಲಿ ಮುಖ್ಯವಾದದ್ದು. ಅದು ಕಾಡುಕಡಿತಕ್ಕೆ ಸಂಬಂಧಿಸಿದ್ದಾದರೂ ತರ್ಕ ವನ್ಯಜೀವಿಗಳಿಗೂ ಅನ್ವಯಿಸುತ್ತದೆ. 76 ಮೂಲನಿವಾಸಿ ಸಮುದಾಯಗಳಲ್ಲಿ 39ನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿನ ಕೆಲವರಿಗೆ ಉಪಗ್ರಹದ ಎಚ್ಚರಿಕೆಗಳನ್ನು ಓದಲು ಕಲಿಸಿ, ಗಸ್ತಿಗೆ ಸಂಭಾವನೆ ನೀಡಲಾಯಿತು. ಅಂತರ್ಜಾಲ ಇಲ್ಲದ ಊರುಗಳಿಗೆ ಉಪಗ್ರಹದ ಮಾಹಿತಿಯನ್ನು ತಿಂಗಳಿಗೊಮ್ಮೆ ದೋಣಿಯಲ್ಲಿ ಪೆನ್‌ಡ್ರೈವ್‌ನಲ್ಲಿ ಒಯ್ದು ಕೊಡಲಾಗುತ್ತಿತ್ತು.

ಕಾಡುಕಡಿತ ಅರ್ಧಕ್ಕೆ ಇಳಿಯಿತು ಎಂಬ ಶೀರ್ಷಿಕೆಗಳು ಆಗ ಎಲ್ಲೆಡೆ ಬಂದವು. ಮೂಲ ಲೇಖನದ ಮಾತು ಹೆಚ್ಚು ಎಚ್ಚರದ್ದು. ಪ್ರತಿ ಸಮುದಾಯದಲ್ಲಿ ಮೊದಲ ವರ್ಷ ಸರಾಸರಿ 8.4 ಹೆಕ್ಟೇರ್, ಎರಡನೆಯ ವರ್ಷ 3.3 ಹೆಕ್ಟೇರ್ ಕಾಡು ಉಳಿದಿರಬಹುದು, ಆದರೆ ಅಂದಾಜಿನ ಅನಿಶ್ಚಿತತೆ ದೊಡ್ಡದು, ಪರಿಣಾಮ ಶೂನ್ಯವೂ ಆಗಿರಬಹುದು ಎಂಬುದನ್ನು ಅಂಕಿಗಳು ತಳ್ಳಿಹಾಕುವುದಿಲ್ಲ. ಬೆದರಿಕೆ ಹೆಚ್ಚಿದ್ದ ಊರುಗಳಲ್ಲಿ ಫಲವೂ ಹೆಚ್ಚಿತ್ತು. ಎಲ್ಲರೂ ಸೇರಿ ಬಿಟ್ಟಿಯಾಗಿ ಗಸ್ತು ತಿರುಗುವ ಹಳೆಯ ಪದ್ಧತಿಯಲ್ಲಿ ‘ಇನ್ನೊಬ್ಬರು ಹೋಗುತ್ತಾರೆ’ ಎಂದು ಸುಮ್ಮನಾಗುವವರು ಇದ್ದೇ ಇದ್ದರು. ಸಂಭಾವನೆ ಪಡೆದ ಕಾವಲುಗಾರರು ಆ ಜಾಗ ತುಂಬಿದರು, ಊರಿನಲ್ಲಿ ಅವರಿಗೆ ಒಂದು ಅಧಿಕಾರವೂ ಬಂತು. ಸಮುದಾಯದ ಪಾಲ್ಗೊಳ್ಳುವಿಕೆ ಎಂದರೆ ಸಂಬಳವಿಲ್ಲದ ದುಡಿಮೆ ಎಂದು ಭಾವಿಸುವ ಯೋಜಕರು ಈ ಅಂಶವನ್ನು ಎರಡು ಬಾರಿ ಓದಬೇಕು.

ಕಣ್ಗಾವಲು ಯಾರ ಮೇಲೆ

ಕಾರ್ಬೆಟ್‌ನ ಅಧ್ಯಯನ ಹದಿನಾಲ್ಕು ತಿಂಗಳಲ್ಲಿ 270 ಜನರನ್ನು ಮಾತನಾಡಿಸಿ ಸಿದ್ಧವಾದದ್ದು. ಗಂಡಾಳಿಕೆಯ ಮನೆಗಳಿಂದ ಹೊರಬಂದು ಹೆಂಗಸರು ಹಾಡುತ್ತಾ, ಮಾತಾಡುತ್ತಾ ನಡೆಯುವ ಜಾಗ ಕಾಡು. ಕ್ಯಾಮೆರಾಗಳು ಬಂದ ಮೇಲೆ ಅವರು ದನಿ ತಗ್ಗಿಸಿದರು. ಗಟ್ಟಿ ದನಿಯಲ್ಲಿ ಹಾಡುವುದು ಹುಲಿ, ಆನೆಗಳನ್ನು ದೂರವಿಡುವ ಉಪಾಯವೂ ಆಗಿದ್ದರಿಂದ ಮೌನವೇ ಅಪಾಯವಾಯಿತು. ಕ್ಯಾಮೆರಾಕ್ಕೆ ಸಿಕ್ಕಿದ ಮಹಿಳೆಯೊಬ್ಬರ ಖಾಸಗಿ ಕ್ಷಣದ ಚಿತ್ರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದಾಗ ಸಿಟ್ಟಿಗೆದ್ದ ಹಳ್ಳಿಗರು ಕ್ಯಾಮೆರಾಗಳನ್ನೇ ಒಡೆದರು. ಪ್ರಾಣಿಗೆ ಇಟ್ಟ ಯಂತ್ರ ಜನರ ಮರ್ಯಾದೆಗೆ ಎರವಾದರೆ ಪ್ರಾಣಿಯ ಮಾಹಿತಿಯೂ ನಿಲ್ಲುತ್ತದೆ.

ಅರಣ್ಯ ಅಧಿಕಾರಿಗಳ ವಾದವನ್ನೂ ತಳ್ಳಿಹಾಕುವಂತಿಲ್ಲ. ಕಡಿಮೆ ಸಿಬ್ಬಂದಿ, ವಿಸ್ತಾರವಾದ ಗಸ್ತು ಪ್ರದೇಶ (ಬೀಟು), ಬಂದೂಕು ಹಿಡಿದ ಬೇಟೆಗಾರರು ಇರುವಲ್ಲಿ, ಮನುಷ್ಯರ ಚಿತ್ರ ಬಂದರೆ ಅಳಿಸಿಬಿಡಿ ಎನ್ನುವುದು ಸಾಕ್ಷ್ಯವನ್ನೇ ಅಳಿಸಿದಂತೆ. ವಿಜ್ಞಾನಿಗಳು ಹೆಚ್ಚು ಮಾಹಿತಿ ಮುಕ್ತವಾಗಿ ಸಿಗಲಿ ಎನ್ನುತ್ತಾರೆ, ಆದರೆ ಅದೇ ಮಾಹಿತಿ ಬೇಟೆಗಾರನಿಗೆ ದಾರಿ ತೋರಬಹುದು: ಮಧ್ಯಪ್ರದೇಶದ ಪನ್ನಾದ ಹುಲಿಯೊಂದರ ಕೊರಳಿಗೆ ಕಟ್ಟಿದ, ಅದು ಇರುವ ಸ್ಥಳ ತಿಳಿಸುವ ಕಾಲರ್‌ನ ಮಾಹಿತಿ ಬರುತ್ತಿದ್ದ ಇಮೇಲ್ ಖಾತೆಯನ್ನು ಹೊಕ್ಕುವ ಪ್ರಯತ್ನ 2013ರಲ್ಲೇ ನಡೆದಿತ್ತು. ಮೂಲನಿವಾಸಿ ಸಂಘಟನೆಗಳು ಕೇಳುವುದು ಇದಕ್ಕಿಂತ ಭಿನ್ನವಾದದ್ದು. ತಮ್ಮ ನೆಲದ ಮಾಹಿತಿಯ ಮೇಲೆ ತಮಗೆ ಅಧಿಕಾರ ಬೇಕು, ಅದರ ಲಾಭ ಸಾಮೂಹಿಕವಾಗಿರಬೇಕು ಎಂಬ ತತ್ವಗಳನ್ನು ಜಾಗತಿಕ ಮೂಲನಿವಾಸಿ ದತ್ತಾಂಶ ಒಕ್ಕೂಟ 2019ರಲ್ಲಿ ಮುಂದಿಟ್ಟಿತು. ಆಸ್ಟ್ರೇಲಿಯಾದ ಕಾಕಡು ಉದ್ಯಾನದಲ್ಲಿ ಡ್ರೋನ್ ಎಲ್ಲಿ ಹಾರಬಹುದು, ಎಲ್ಲಿ ಹಾರಕೂಡದು ಎಂದು ನಿರ್ಧರಿಸಿದವರು ಅಲ್ಲಿನ ಬಿನಿಂಜ್ ಸಮುದಾಯದ ಹಿರಿಯರು. ಯೋಜನೆ ಅದರಿಂದ ಕೆಡಲಿಲ್ಲ.

ಮುಂದೆ ಆಗಬಹುದಾದದ್ದು

2022ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ ಕುನ್ಮಿಂಗ್-ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟಿನಂತೆ 2030ರೊಳಗೆ ಭೂಮಿ ಮತ್ತು ಸಾಗರದ ಶೇ 30ರಷ್ಟು ಭಾಗವನ್ನು ಸಂರಕ್ಷಿಸುವ ಗುರಿಯಿದೆ. ಸಂರಕ್ಷಣೆ ನಡೆದಿದೆ ಎಂದು ತೋರಿಸಲು ಅಂಕಿಅಂಶ ಬೇಕು, ಆದ್ದರಿಂದ ಉಪಕರಣಗಳ ಖರೀದಿ ಹೆಚ್ಚುವುದು ಬಹುತೇಕ ಖಚಿತ. ಖರೀದಿಗೆ ಹಣ ಒಮ್ಮೆ ಬರುತ್ತದೆ. ಬ್ಯಾಟರಿ, ಮಳೆಗಾಲದ ತೇವ, ಆನೆ ಕಿತ್ತೆಸೆದ ಪೆಟ್ಟಿಗೆ, ಕಾವಲುಗಾರರ ಸಂಬಳ ಇವು ಪ್ರತಿ ವರ್ಷದ ಖರ್ಚು. ಎರಡನೆಯದಕ್ಕೆ ವ್ಯವಸ್ಥೆ ಮಾಡದ ಕಡೆ ಎಚ್ಚರಿಕೆಗಳ ಸಂಖ್ಯೆ ಏರುತ್ತದೆ, ಓಗೊಡುವವರ ಸಂಖ್ಯೆ ಏರುವುದಿಲ್ಲ, ಸ್ವಲ್ಪ ಕಾಲದ ನಂತರ ಎಚ್ಚರಿಕೆಯ ಸದ್ದೇ ಕಿವಿಗೆ ಬೀಳದಂತಾಗುತ್ತದೆ.

ಇನ್ನೊಂದು ಪರಿಣಾಮದ ಬಗ್ಗೆ ಚರ್ಚೆ ಇನ್ನೂ ಸರಿಯಾಗಿ ಆರಂಭವಾಗಿಲ್ಲ. ಕಾಡಂಚಿನಲ್ಲಿ ಎಚ್ಚರಿಕೆ ವ್ಯವಸ್ಥೆ ಬಂದರೆ, ಯಾವ ರಾತ್ರಿ ಯಾವ ಹೊಲದ ಬಳಿ ಆನೆ ಬಂದಿತ್ತು ಎಂಬ ದಾಖಲೆಯೂ ಹುಟ್ಟುತ್ತದೆ. ಅದು ರೈತನ ಬೆಳೆಹಾನಿ ಅರ್ಜಿಗೆ ಪುರಾವೆಯಾಗಿ ಪರಿಹಾರವನ್ನು ಬೇಗ ತರಬಹುದು. ಅದೇ ದಾಖಲೆಯನ್ನು ತೋರಿಸಿ, ಮೊದಲೇ ಸಂದೇಶ ಹೋಗಿತ್ತಲ್ಲ, ನೀವೇಕೆ ಹೊರಗೆ ಬಂದಿರಿ ಎಂದು ಅರ್ಜಿ ತಿರಸ್ಕರಿಸಲೂಬಹುದು. ಮೊದಲನೆಯದು ನಡೆದ ಊರುಗಳಲ್ಲಿ ಕ್ಯಾಮೆರಾವನ್ನು ಕಾಯುವವರು ಊರಿನವರೇ ಆಗುತ್ತಾರೆ. ಎರಡನೆಯದು ಒಮ್ಮೆ ನಡೆದರೂ ಸಾಕು, ಮುಂದಿನ ತರಬೇತಿ ಶಿಬಿರಕ್ಕೆ ಬರುವವರು ಇರುವುದಿಲ್ಲ. ಇವೆರಡರಲ್ಲಿ ಯಾವುದು ಎಂಬುದನ್ನು ಉಪಕರಣ ನೆಡುವ ಮೊದಲೇ ಬರೆಹದಲ್ಲಿ ತೀರ್ಮಾನಿಸಿಕೊಳ್ಳಬಹುದು, ಅದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ.